ತೂಗದೇ ಬರೆದ ಇಪ್ಪತ್ತು ಕೇಜಿ

ಸೈನ್ಯದ ಪತ್ರ ಬಂದ ದಿನದಿಂದ ತಕ್ಕಡಿಯಣ್ಣ ಕೂತು ಕಾಫಿ ಕುಡಿದದ್ದನ್ನು ಆ ಬೀದಿಯಲ್ಲಿ ಯಾರೂ ನೋಡಲಿಲ್ಲ. ಲೋಟ ಕೈಯಲ್ಲಿ ಹಿಡಿದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡುತ್ತಲೇ ಕುಡಿಯುತ್ತಿದ್ದ. ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಅಂಥ ದೂರದ ಪ್ರಯಾಣವೇನಲ್ಲ. ಆದರೆ ದಿನಕ್ಕೆ ನಲವತ್ತು ಸಲ ಮಾಡಿದರೆ ಯಾವ ಪ್ರಯಾಣವೂ ದೂರದ್ದೇ. ಲೋಟವನ್ನು ಎಲ್ಲಿ ಇಟ್ಟೆ ಎಂದು ಹುಡುಕುವುದರಲ್ಲಿ ಮತ್ತೆ ಹತ್ತು ಸಲ. ಪಕ್ಕದ ಮನೆಯಿಂದ ಇದನ್ನೆಲ್ಲ ನೋಡುತ್ತಿದ್ದ ಅವನ ಅಕ್ಕ, ಬಾಲ ಸುಟ್ಟ ಬೆಕ್ಕಿಗೂ ಇವನಿಗೂ ವ್ಯತ್ಯಾಸ ಇಷ್ಟೇ, ಬೆಕ್ಕಿಗೆ ಬಾಲವಾದರೂ ಇತ್ತು ಎನ್ನುತ್ತಿದ್ದಳು.

ತಕ್ಕಡಿಯಣ್ಣ ಎಂಬುದು ಬೀದಿ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅವನು ತೂಕದ ಯಂತ್ರ ರಿಪೇರಿ ಮಾಡಿಕೊಂಡಿದ್ದ. ತರಕಾರಿ ಅಂಗಡಿಯ ಸಣ್ಣ ತಕ್ಕಡಿಯಿಂದ ಹಿಡಿದು ಸಿಮೆಂಟು ಮೂಟೆ ತೂಗುವ ದೊಡ್ಡ ಹಲಗೆಯ ಯಂತ್ರದವರೆಗೆ ಅವನು ಬಿಚ್ಚದ್ದು ಯಾವುದೂ ಇರಲಿಲ್ಲ. ತಪ್ಪು ತೂಕ ತೋರಿಸುವ ಯಂತ್ರದ ಮುಂದೆ ಸುಮ್ಮನೆ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ. ಬೇರೆಯವರಿಗೆ ಸೊಟ್ಟಗೆ ನೇತುಬಿದ್ದ ಫೋಟೋ ಕಂಡರೆ ಕೈ ಹೇಗೆ ತುರಿಸುತ್ತದೋ ಹಾಗೆ. ಒಮ್ಮೆ ಯಾರದೋ ಮದುವೆ ಮನೆಯಲ್ಲಿ, ಅಡುಗೆಯವರ ತಕ್ಕಡಿ ಸರಿ ಮಾಡುತ್ತ ಕೂತು ಊಟದ ಪಂಕ್ತಿ ತಪ್ಪಿಸಿಕೊಂಡ ಗಂಡಸು ಅವನು.

ಹೆಂಡತಿ ಸೈನ್ಯದ ಆಸ್ಪತ್ರೆಯಲ್ಲಿ ನರ್ಸು. ದರ್ಜೆಯಲ್ಲಿ ಕ್ಯಾಪ್ಟನ್. ಮನೆಯಲ್ಲೂ ಅವನು ಅವಳನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ. ಮೊದಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ, ಕಡೆಗೆ ಅನುಭವದಿಂದ. ಹದಿನಾಲ್ಕು ತಿಂಗಳ ಹಿಂದೆ ಅವಳನ್ನು ಸಮುದ್ರದಾಚೆಯ ಒಂದು ಸೈನಿಕ ಆಸ್ಪತ್ರೆಗೆ ಹಾಕಿದ್ದರು. ಮೊದಲ ವರ್ಷ ಮನೆಯವರನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ. ಆಮೇಲೆ ಅರ್ಜಿ, ಅರ್ಜಿಗೆ ಅರ್ಜಿ, ಎಲ್ಲ ಮುಗಿದು ಆ ಪತ್ರ ಬಂತು. ಪತ್ರದಲ್ಲಿ ಇದ್ದದ್ದು ಮೂರು ವಿಷಯ. ನಲವತ್ತೈದು ದಿನದೊಳಗೆ ಹೊರಡಬೇಕು, ತಪ್ಪಿದರೆ ಅನುಮತಿ ರದ್ದು. ಮನೆ ಸಾಮಾನು ನಾನೂರು ಕೇಜಿವರೆಗೆ ಹಡಗಿನಲ್ಲಿ ಕಳಿಸಬಹುದು. ಸಾಮಾನು ತೂಗಿ ಒಪ್ಪಿಸಿದ ರಸೀದಿ ತೋರಿಸಿದ ಮೇಲೆಯೇ ವಿಮಾನದ ಟಿಕೆಟ್ಟು.

ಅನುಮತಿ ರದ್ದಾದರೆ ಮತ್ತೆ ಅರ್ಜಿ ಹಾಕಬಹುದೇ ಎಂದು ಕುಟುಂಬ ವಿಭಾಗದ ಕಚೇರಿಯಲ್ಲಿ ಕೇಳಿದ. ಅಲ್ಲಿನ ಮೇಡಂ ಕೈಯಲ್ಲಿ ಸದಾ ಒಂದು ಸ್ಟೇಪ್ಲರ್ ಇರುತ್ತಿತ್ತು, ಪ್ರತಿ ಮಾತಿನ ಕೊನೆಗೆ ಅದನ್ನು ಒಮ್ಮೆ ಒತ್ತುತ್ತಿದ್ದರು. ಹಾಕಬಹುದು, ಒತ್ತು. ಹತ್ತು ತಿಂಗಳು ಹಿಡಿಯುತ್ತದೆ, ಒತ್ತು. ನಿಮ್ಮ ಮನೆಯವರ ಅವಧಿಯಲ್ಲಿ ಉಳಿದಿರೋದು ಎಷ್ಟು? ಹತ್ತು ತಿಂಗಳು ಎಂದ. ಈ ಸಲ ಮೇಡಂ ಸ್ಟೇಪ್ಲರ್ ಒತ್ತಲಿಲ್ಲ.

ಅದೇ ಕಚೇರಿಯಲ್ಲಿ ಅವನು ತುಂಬಿದ ಫಾರಂನ ನೆತ್ತಿಯ ಮೇಲೆ 'ಅವಲಂಬಿತ ವ್ಯಕ್ತಿಯ ವಿವರ' ಎಂದು ಅಚ್ಚಾಗಿತ್ತು. ಕೆಳಗೆ ಉದ್ಯೋಗ ಎಂಬ ಕಲಂ. ಅದರ ಎದುರು ಮೊದಲೇ ಅಚ್ಚು ಹಾಕಿಬಿಟ್ಟಿದ್ದರು: ಅನ್ವಯಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಒಂದು ಅಚ್ಚಿನ ಮೊಳೆಗೆ ಸಿಕ್ಕಿ ಹಾಗೆ ಮಾಯವಾದದ್ದನ್ನು ಅವನು ಸ್ವಲ್ಪ ಹೊತ್ತು ನೋಡಿದ. ಜೊತೆಗೆ ನಿಯಮಗಳ ಹಾಳೆ. ವೃತ್ತಿಯ ಉಪಕರಣಗಳನ್ನು ಸೇವೆಯಲ್ಲಿರುವವರು ಒಯ್ಯಬಹುದು, ಅವಲಂಬಿತರು ಒಯ್ಯುವಂತಿಲ್ಲ.

ಅಕ್ಕನಿಗೆ ಇದನ್ನು ಹೇಳಬಾರದಿತ್ತು, ಹೇಳಿದ.

“ಗಂಡ ದಂಡಿಗೆ ಹೋದ್ರೆ ಹೆಂಡತಿ ಗಂಟು ಕಟ್ಟೋದು ಕೇಳಿದೀನಿ. ನೀನು ಉಲ್ಟಾ ಹೊರಟಿದೀಯಲ್ಲೋ” ಎಂದಳು ಅಕ್ಕ.

“ದಂಡೇ ಉಲ್ಟಾ ಆಗಿದೆ ಅಕ್ಕ, ನಾನೇನು ಮಾಡ್ಲಿ.”

“ಅಲ್ಲಿ ಹೋಗಿ ಏನ್ ಮಾಡ್ತೀಯ?”

ಉತ್ತರ ಇಲ್ಲದ ಗಂಡಸರು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ; ಎದ್ದು ಹೋಗಿ ಒಂದು ಕೆಲಸ ಶುರುಮಾಡಿದ. ಮನೆಯನ್ನು ತೂಗತೊಡಗಿದ.

ಅಂಗಡಿಯ ನಟ್ಟನಡುವೆ ಅವನದೇ ಒಂದು ಹಳೆಯ ಹಲಗೆಯ ಯಂತ್ರವಿತ್ತು. ಕೆಳಗೆ ಮನುಷ್ಯ ನಿಲ್ಲುವಷ್ಟು ಕಬ್ಬಿಣದ ಹಲಗೆ, ಪಕ್ಕದಲ್ಲಿ ಎದೆಯೆತ್ತರದ ಕಂಬ, ಕಂಬದ ಮೇಲೆ ಅಂಕಿ ಕೊರೆದ ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ಜಾರುವ ಗುಂಡು. ಬೀದಿಯ ಹೆಂಗಸರಿಗೆಲ್ಲ ಆ ಯಂತ್ರದ ಮೇಲೆ ಬಹಳ ಭಕ್ತಿ. ಔಷಧಿ ಅಂಗಡಿಯಲ್ಲಿ ಬೆಳಕು ಮಿನುಗುವ ಹೊಸ ಯಂತ್ರ ಇಟ್ಟಿದ್ದರೂ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಇವನ ಅಂಗಡಿಗೇ ಬಂದು ಚಪ್ಪಲಿ ಕಳಚಿ, ಕೈಚೀಲ ಕೆಳಗಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹೋಗುವಾಗ ಮುಖ ಅರಳಿರುತ್ತಿತ್ತು. ನಿನ್ನ ತಕ್ಕಡಿ ಒಂದನ್ನೇ ಕಣೋ ನಂಬಬಹುದಾದ್ದು ಎಂದು ಅಕ್ಕನೇ ಎಷ್ಟೋ ಸಲ ಹೇಳಿದ್ದಳು. ಅಕ್ಕನ ಬಾಯಿಂದ ಅವನಿಗೆ ಸಿಗುತ್ತಿದ್ದ ಹೊಗಳಿಕೆ ಅದೊಂದೇ ಆದ್ದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಈಗ ಆ ಯಂತ್ರದ ಮೇಲೆ ಮನೆಯ ಒಂದೊಂದು ವಸ್ತುವೂ ಹತ್ತಿ ಇಳಿಯಿತು. ಪಾತ್ರೆ, ದಿಂಬು, ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಕ್ಯಾಪ್ಟನ್ನಳ ಪುಸ್ತಕ, ಅವಳ ಅರ್ಧ ಹೆಣೆದ ಸ್ವೆಟರು. ಒಂದನ್ನು ಪೆಟ್ಟಿಗೆಗೆ ಹಾಕುವುದು, ಮೊಳೆ ಹೊಡೆಯುವುದು, ತೂಗುವುದು, ಮೊಳೆ ಕೀಳುವುದು, ಒಂದು ಸೌಟು ತೆಗೆಯುವುದು, ಮತ್ತೆ ತೂಗುವುದು. ಒಂದೇ ಪೆಟ್ಟಿಗೆಗೆ ಏಳು ಸಲ ಮೊಳೆ ಹೊಡೆದು ಅದರ ಅಂಚು ಜರಡಿಯಂತಾಯಿತು. ದಿನಗಳು ಉಳಿದಿದ್ದವು, ಸಾಮಾನು ಉಳಿದಿರಲಿಲ್ಲ. ಹಾಸಿಗೆಯನ್ನೂ ಕಟ್ಟಿಬಿಟ್ಟಿದ್ದರಿಂದ ಮೂರು ವಾರ ಖಾಲಿ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿದೀನಿ, ಇವನು ಕೂಸಿಗೆ ಮದುವೆ ಚಪ್ಪರವನ್ನೇ ಹಾಕಿಸಿಬಿಟ್ಟ ಎಂದಳು ಅಕ್ಕ, ಮತ್ತು ತನ್ನ ಮನೆಯಿಂದ ಒಂದು ದಿಂಬು ತಂದು ಕೊಟ್ಟಳು.

ಕ್ಯಾಪ್ಟನ್ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಅವಳು ಕೇಳಿದ್ದು ಒಂದೇ ವಸ್ತು. ಬಾಗಿಲ ಪಕ್ಕದ ಬೆಂಚು.

ಅದು ಇಬ್ಬರು ಮಾತ್ರ ಕೂರಬಹುದಾದ ಗಿಡ್ಡ ಬೆಂಚು. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅವಳು ಅದರ ಬಲತುದಿಯಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಎಡತುದಿಯಲ್ಲಿ ಇವನು ಎರಡು ಲೋಟ ಹಿಡಿದು ಕೂರುತ್ತಿದ್ದ. ಹನ್ನೊಂದು ವರ್ಷದ ಸಂಸಾರದಲ್ಲಿ ಮುಖ್ಯವಾದ ಮಾತುಗಳೆಲ್ಲ ಆ ಐದು ನಿಮಿಷದಲ್ಲೇ ಆಗಿದ್ದವು, ಅವಳು ಬೂಟಿನ ಕಡೆ ನೋಡುತ್ತ, ಇವನು ಬೀದಿಯ ಕಡೆ ನೋಡುತ್ತ.

“ರೀ, ಇಲ್ಲಿ ಕೊಟ್ಟಿರೋ ಮನೇಲಿ ಎಲ್ಲ ಒಂಟಿ ಕುರ್ಚಿ. ಕಬ್ಬಿಣದ್ದು. ಪ್ರತಿಯೊಂದಕ್ಕೂ ನಂಬರ್ ಹಾಕಿದಾರೆ” ಎಂದಿದ್ದಳು. “ಪಕ್ಕಪಕ್ಕ ಕೂರೋಕೆ ಜಾಗಾನೇ ಇಲ್ಲ. ಬೇರೆ ಏನು ಬಿಟ್ರೂ ಬೆಂಚು ಬಿಡಬೇಡಿ.”

ಬಿಡುವುದಿಲ್ಲ ಎಂದಿದ್ದ. ಬೆಂಚು ತೂಗಿದ: ಹತ್ತೊಂಬತ್ತು ಕೇಜಿ ಇನ್ನೂರು ಗ್ರಾಂ. ಪಟ್ಟಿಗೆ ಬರೆದ.

ಅವನೂ ಒಂದು ವಸ್ತು ಇಟ್ಟುಕೊಂಡಿದ್ದ. ಅದನ್ನು ಅವಳಿಗೆ ಹೇಳಿರಲಿಲ್ಲ. ಇಪ್ಪತ್ತು ಕೇಜಿಯ ಕಬ್ಬಿಣದ ಬಟ್ಟು, ತಕ್ಕಡಿಯಲ್ಲಿಟ್ಟು ತೂಗುವ ಅಳತೆಯ ತೂಕ. ಅವನಿಗೆ ಕೆಲಸ ಕಲಿಸಿದ ಸೋದರಮಾವ ಕೊಟ್ಟದ್ದು. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ನೋಡುವುದು ಇಂಥ ಬಟ್ಟು ಇಟ್ಟೇ. ಊರಿನ ತಕ್ಕಡಿಗಳೆಲ್ಲ ತಪ್ಪಬಹುದು, ಬಟ್ಟು ತಪ್ಪುವಂತಿಲ್ಲ. ಬಟ್ಟು ಕೈಯಲ್ಲಿದ್ದವನು ತಕ್ಕಡಿಯವನು, ಇಲ್ಲದವನು ಸ್ಕ್ರೂ ಬಿಚ್ಚುವವನು ಎಂದು ಮಾವ ಹೇಳುತ್ತಿದ್ದ. ನಿಯಮದ ಪ್ರಕಾರ ಒಯ್ಯುವಂತಿಲ್ಲ. ಹಾಗಾಗಿ ತಕ್ಕಡಿಯಣ್ಣ ಅದನ್ನು ಆಗಲೇ ತೂಗಿ ಬರೆದಿದ್ದ ಹಳೆಯ ಕಂಬಳಿಯಲ್ಲಿ ಸುತ್ತಿ, ತೂಗಿದ್ದ ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಬಿಗಿದು, ಮೇಲೆ 'ಅಡುಗೆ ಸಾಮಾನು' ಎಂದು ಬರೆದ. ಜೀವಮಾನದಲ್ಲಿ ಅವನು ಅಂಟಿಸಿದ ಮೊದಲ ಸುಳ್ಳು ಚೀಟಿ ಅದು. ಪಟ್ಟಿಯಲ್ಲಿ ಅದರ ಎದುರು ಇಪ್ಪತ್ತು ಎಂದು ಬರೆದ. ಯಂತ್ರದ ಮೇಲೆ ಇಡಲಿಲ್ಲ. ಮನೆಯಲ್ಲಿದ್ದ ಸೌಟು, ಸೂಜಿಪೆಟ್ಟಿಗೆ, ಕಾಲೊರಸು ಎಲ್ಲ ತೂಗಿದವನು ಅದೊಂದನ್ನು ತೂಗಲಿಲ್ಲ. ಇಪ್ಪತ್ತು ಕೇಜಿ ಎಂದು ಮೈಮೇಲೇ ಕೆತ್ತಿರುವ ಬಟ್ಟನ್ನು ತೂಗಿ ನೋಡುವುದೆಂದರೆ ಹೆತ್ತ ತಾಯಿಯ ಹತ್ತಿರ ಗುರುತಿನ ಚೀಟಿ ಕೇಳಿದಂತೆ.

ಒಟ್ಟು: ಮುನ್ನೂರ ತೊಂಬತ್ತೊಂಬತ್ತೂವರೆ. ಆ ಅರ್ಧ ಕೇಜಿ ಖಾಲಿ ಬಿಟ್ಟದ್ದಕ್ಕೆ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ. ಸೈನ್ಯದವರು ಬಂದು ದೊಡ್ಡ ಪೆಟ್ಟಿಗೆಗಳನ್ನು ನೋಡಿ ಮೊಹರು ಹಾಕಿ ಹೋದರು. ಬೆಂಚು, ಹಾಸಿಗೆ ಸುರುಳಿ, 'ಅಡುಗೆ ಸಾಮಾನು' ಈ ಮೂರು ಮಾತ್ರ ಬಿಡಿಯಾಗಿ ಹೋಗಬೇಕಿತ್ತು.

ನಲವತ್ತನೆಯ ದಿನ, ಶುಕ್ರವಾರ, ಲಾರಿ ಬಂತು. ಬಂದರಿನ ಗೋದಾಮಿನವರೆಗೆ ಎರಡು ಗಂಟೆ ದಾರಿ. ತಕ್ಕಡಿಯಣ್ಣ ಅಷ್ಟು ಹೊತ್ತೂ ಸೀಟಿನ ತುದಿಯಲ್ಲೇ ಕೂತಿದ್ದ, ತಾನು ಮುಂದಕ್ಕೆ ಬಾಗಿದಷ್ಟೂ ಲಾರಿ ಬೇಗ ಓಡುತ್ತದೆ ಎಂಬ ಹಾಗೆ. ಡ್ರೈವರು ಎರಡು ಸಲ, ಬಾತ್‌ರೂಮಿಗೆ ನಿಲ್ಲಿಸಬೇಕಾ ಸಾರ್ ಎಂದು ಮೆಲ್ಲಗೆ ಕೇಳಿದ.

ಗೋದಾಮಿನಲ್ಲಿ ನೆಲಕ್ಕೆ ಸಮವಾಗಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ, ಗೋಡೆಯ ಮೇಲೆ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ. ಅದರ ಕೆಳಗೆ ಮೇಜು, ಮೇಜಿನ ಹಿಂದೆ ಗುಮಾಸ್ತ. ನಿವೃತ್ತಿಗೆ ಎರಡು ವರ್ಷ ಉಳಿದ, ಯಾರ ಮೇಲೂ ಕೋಪವಿಲ್ಲದ ಮನುಷ್ಯ. ಪೆಟ್ಟಿಗೆಗಳೆಲ್ಲ ಹಲಗೆ ಏರಿದವು. ಕೆಂಪು ಅಂಕಿ ಓಡಿ, ತಡವರಿಸಿ, ನಿಂತಿತು. ನಾನೂರ ಒಂಬತ್ತು.

“ನಿಮ್ಮ ಯಂತ್ರ ತಪ್ಪು ತೋರಿಸ್ತಿದೆ” ಎಂದ ತಕ್ಕಡಿಯಣ್ಣ.

ಗುಮಾಸ್ತ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷದಿಂದ ಈ ಮೇಜಿನಲ್ಲಿ ಕೂತಿದೀನಿ, ಜಾಸ್ತಿ ಬಂದಾಗ ಎಲ್ಲರೂ ಇದನ್ನೇ ಹೇಳಿದಾರೆ, ಕಮ್ಮಿ ಬಂದಾಗ ಒಬ್ಬರೂ ಹೇಳಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಒಂದು ದಾರಿಯನ್ನೂ ಹೇಳಿಕೊಟ್ಟ. ಐದು ಕೇಜಿವರೆಗೆ ಜಾಸ್ತಿ ಇದ್ದರೆ ನೋಡಿಯೂ ನೋಡದ ಹಾಗೆ ಬಿಡುವ ಅಧಿಕಾರ ಅವನಿಗಿತ್ತು. ಆ ಹಾಸಿಗೆ ಸುರುಳಿ ಇಳಿಸಿ, ರಸೀದಿ ತಗೊಂಡು, ಬೇಗ ಮನೆಗೆ ಹೋಗಿ. ಆರು ಕೇಜಿಯ ಹಾಸಿಗೆ, ಇಳಿಸಿದರೆ ಮುಗಿಯಿತು. ಬುದ್ಧಿ ಇದ್ದವನು ಕೈ ಮುಗಿದು ಇಳಿಸುತ್ತಿದ್ದ.

ತಕ್ಕಡಿಯಣ್ಣನಿಗೆ ಬುದ್ಧಿ ಇರಲಿಲ್ಲವೆಂದಲ್ಲ, ಅದು ಅವನ ಕೈಯ ಮಾತನ್ನು ಮೀರುತ್ತಿರಲಿಲ್ಲ. ನನ್ನ ಲೆಕ್ಕಕ್ಕಿಂತ ಒಂಬತ್ತೂವರೆ ಕೇಜಿ ಜಾಸ್ತಿ ತೋರಿಸುತ್ತದಲ್ಲ, ನಾಳೆ ಬರುವವರ ಗತಿ ಏನು ಎಂದು ವಾದಕ್ಕಿಳಿದ. ಪರೀಕ್ಷೆಯ ಬಟ್ಟು ಎಲ್ಲಿ ಎಂದು ಕೇಳಿದ. ಅಂಥದ್ದು ಇಲ್ಲಿ ಬಂದೇ ಇಲ್ಲ ಎಂದ ಗುಮಾಸ್ತ. ಬಟ್ಟಿಲ್ಲದೆ ಇಷ್ಟು ವರ್ಷ ತೂಗಿದಿರಾ ಎಂದವನೇ, ಹಲಗೆಯ ಮೇಲಿದ್ದ 'ಅಡುಗೆ ಸಾಮಾನಿ'ನ ಹಗ್ಗ ಬಿಚ್ಚಿ, ಕಂಬಳಿ ತೆಗೆದು, ಇಪ್ಪತ್ತು ಕೇಜಿಯ ಕಬ್ಬಿಣವನ್ನು ಎತ್ತಿ ಹಿಡಿದ.

ಎತ್ತಿ ಹಿಡಿದ ಮೇಲೆ ನೆನಪಾಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕುಂಬಳಕಾಯನ್ನೇ ಹೆಗಲ ಮೇಲಿಟ್ಟು ಕಟಕಟೆ ಹತ್ತಿದ್ದ.

ಗುಮಾಸ್ತ ಕನ್ನಡಕ ಸರಿಮಾಡಿಕೊಂಡು ಚೀಟಿ ಓದಿದ. ಬಟ್ಟು ನೋಡಿದ. ಮತ್ತೆ ಚೀಟಿ ಓದಿದ.

“ಇದ್ರಲ್ಲಿ ಏನ್ ಅಡುಗೆ ಮಾಡ್ತೀರಿ?”

ತಕ್ಕಡಿಯಣ್ಣ ಬಟ್ಟನ್ನು ಎದೆಗೆ ಒರಗಿಸಿಕೊಂಡ. ಕಡೆಗೆ, ಅದು ನನ್ನ ಕೆಲಸದ್ದು ಎಂದ. ಫಾರಂನಲ್ಲಿ ನನಗೆ ಕೆಲಸ ಇಲ್ಲ ಅಂತ ಅಚ್ಚು ಹಾಕಿದಾರೆ, ಅದಕ್ಕೆ ಹಾಗೆ ಬರೆದೆ.

ಗುಮಾಸ್ತ ಪೆನ್ನು ಕೆಳಗಿಟ್ಟ. ಆಮೇಲೆ ಮೇಜಿನ ಹಿಂದಿನಿಂದ ಎದ್ದು ಬಂದು, ಸರಿ, ತೋರಿಸಿ ನೋಡೋಣ, ಇಪ್ಪತ್ತು ವರ್ಷದಲ್ಲಿ ಒಬ್ಬನಾದ್ರೂ ಮಾತಾಡೋದು ಬಿಟ್ಟು ತೋರಿಸ್ತೀನಿ ಅಂದ್ನಲ್ಲ ಎಂದ.

ಸಾಮಾನೆಲ್ಲ ಕೆಳಗಿಳಿಯಿತು. ತಕ್ಕಡಿಯಣ್ಣ ಬಟ್ಟನ್ನು ಹಲಗೆಯ ನಡುವೆ ಇಟ್ಟ. ಇಪ್ಪತ್ತು. ಮೊದಲ ಮೂಲೆ, ಇಪ್ಪತ್ತು. ಎರಡನೆಯದು, ಮೂರನೆಯದು, ಇಪ್ಪತ್ತು. ಗೋಡೆ ಕಡೆಯ ನಾಲ್ಕನೆಯ ಮೂಲೆಯಲ್ಲಿಟ್ಟ. ಹದಿಮೂರು.

“ನೋಡಿದ್ರಾ” ಎಂದ. ಮಂಡಿಯೂರಿ ಬಗ್ಗಿದ. ಆ ಮೂಲೆಯಲ್ಲಿ ಹಲಗೆಗೂ ಚೌಕಟ್ಟಿಗೂ ನಡುವೆ ಹುಣಸೆ ಬೀಜದಷ್ಟು ದೊಡ್ಡ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಹಲಗೆ ಪೂರ್ತಿ ಕೆಳಗಿಳಿಯದಂತೆ ಅದು ಭಾರ ಹೊತ್ತು ನಿಂತಿತ್ತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ಆಗ ಅವನ ತಲೆ ಒಂದು ಮಾತು ಹೇಳಿತು. ಕಲ್ಲು ಭಾರ ಹೊರುತ್ತಿದೆ ಎಂದರೆ ಈ ಯಂತ್ರ ಜಾಸ್ತಿ ತೋರಿಸುತ್ತಿಲ್ಲ, ಕಮ್ಮಿ ತೋರಿಸುತ್ತಿದೆ. ಕಲ್ಲು ತೆಗೆದರೆ ನಿನ್ನ ಸಾಮಾನು ಇನ್ನೂ ಭಾರ. ಸ್ಕ್ರೂಡ್ರೈವರ್ ಜೇಬಿಗಿಡು, ಕಾಣಲಿಲ್ಲ ಅನ್ನು, ಹಾಸಿಗೆ ಇಳಿಸು, ರಸೀದಿ ತಗೋ, ನಿನ್ನ ಹೆಂಡತಿಯ ಹತ್ತಿರ ಹೋಗು. ತಲೆ ಹೇಳಿದ್ದೆಲ್ಲ ಸರಿಯಿತ್ತು. ಅದು ಹೇಳಿ ಮುಗಿಸುವಷ್ಟರಲ್ಲಿ ಕಲ್ಲು ಅವನ ಅಂಗೈಯಲ್ಲಿತ್ತು.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವವರು ಊರಿಗೊಬ್ಬರು ಇರುತ್ತಾರೆ. ಆದರೆ ಅದನ್ನು ಅಷ್ಟು ನಾಜೂಕಾಗಿ, ಸ್ಕ್ರೂಡ್ರೈವರಿನ ತುದಿಯಲ್ಲಿ ಬಿಡಿಸಿ ತೆಗೆದು ಹಾಕಿಕೊಂಡವರು ವಿರಳ. ಸಾಮಾನು ಮತ್ತೆ ಹಲಗೆ ಏರಿತು. ನಾನೂರ ಹದಿನೈದೂವರೆ.

“ಈಗ ಸರಿಯಾಯ್ತಾ?” ಗುಮಾಸ್ತ ಕೇಳಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಸರಿಯಾಗಿತ್ತು. ಈ ಯಂತ್ರ ಈಗ ಸತ್ಯ ಹೇಳುತ್ತಿತ್ತು. ಹಾಗಾದರೆ ಹದಿನಾರು ಕೇಜಿ ಸುಳ್ಳು ಹೇಳಿದವರು ಯಾರು? ತಕ್ಕಡಿಯಣ್ಣ ಬೆಂಚೊಂದನ್ನೇ ಹಲಗೆಯಿಂದ ಇಳಿಸಿ, ಅಂಕಿ ಎಷ್ಟು ಕಮ್ಮಿಯಾಯಿತೆಂದು ನೋಡಿದ. ಇಪ್ಪತ್ತು. ಮನೆಯಲ್ಲಿ ಅದು ಹತ್ತೊಂಬತ್ತು ಇನ್ನೂರು. ಕೇಜಿಗೆ ನಲವತ್ತು ಗ್ರಾಂ ಖೋತಾ.

ಆಗ ಅವನ ಕಣ್ಣ ಮುಂದೆ ಅಂಗಡಿಯ ಆ ಹಳೆಯ ಯಂತ್ರ ಬಂತು. ಐದು ವರ್ಷದ ಹಿಂದೆ ಅದರ ಒಳಗಿನ ಸನ್ನೆಕೋಲು ಕೂರುವ ಚೂಪಾದ ಉಕ್ಕಿನ ಅಲಗು ಸವೆದಿತ್ತು. ಗಿರಾಕಿಗಳ ಕೆಲಸ ತುಂಬಾ ಇತ್ತು, ತನ್ನದು ತಾನೇ, ಆಮೇಲೆ ನೋಡಿದರಾಯಿತು ಎಂದು ಯಾವುದೋ ಹಳೆಯ ಅಲಗು ಕೂರಿಸಿ ಕಂಬದ ಮೇಲೆ ಸೀಮೆಸುಣ್ಣದಲ್ಲಿ 'ತಾತ್ಕಾಲಿಕ' ಎಂದು ಬರೆದಿದ್ದ. ಆ ಅಕ್ಷರ ಇನ್ನೂ ಇತ್ತು. ಖಾಲಿ ಇದ್ದಾಗ ಯಂತ್ರ ಸೊನ್ನೆಯಲ್ಲೇ ನಿಲ್ಲುತ್ತಿತ್ತಾದ್ದರಿಂದ ಅನುಮಾನವೇ ಬರಲಿಲ್ಲ. ಬಟ್ಟು ಇಟ್ಟು ಒಂದೇ ಒಂದು ಸಲ ನೋಡಿದ್ದರೆ ಗೊತ್ತಾಗುತ್ತಿತ್ತು. ಮನೆಯೆಲ್ಲ ತೂಗಿದವನು ತೂಗದೇ ಬಿಟ್ಟದ್ದು ಅದೊಂದನ್ನೇ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದನೋ.

ಗುಮಾಸ್ತ ಲೆಕ್ಕ ಮಾಡಿ ಹೇಳಿದ. ತನ್ನ ಐದು ಕೇಜಿ ಕಳೆದರೂ ಹತ್ತೂವರೆ ಇಳಿಯಲೇಬೇಕು. ಮೊಹರು ಹಾಕಿದ ಪೆಟ್ಟಿಗೆ ಬಿಚ್ಚುವ ಹಾಗಿಲ್ಲ; ಬಿಚ್ಚಿದರೆ ಮತ್ತೆ ಮೊಹರು ಹಾಕುವವರು ಸೋಮವಾರವೇ ಬರುವುದು, ಹಡಗಿಗೆ ಸಾಮಾನು ಏರುವುದು ನಾಳೆ. ಮುಂದಿನ ಹಡಗಿನ ಹೊತ್ತಿಗೆ ಅವನ ನಲವತ್ತೈದು ದಿನ ಮುಗಿದಿರುತ್ತದೆ. ಬಿಡಿಯಾಗಿರುವುದು ಮೂರೇ. ಹಾಸಿಗೆ ಸಾಲದು. ಉಳಿದದ್ದು ಬೆಂಚು, ಇಲ್ಲವೇ ಆ ಅಡುಗೆ ಸಾಮಾನು.

“ಬೆಂಚು ಇಳಿಸಿಬಿಡಿ” ಎಂದ ಗುಮಾಸ್ತ. “ಅಡುಗೆ ಸಾಮಾನು ಅಂತ ಚೀಟಿ ಇದೆ, ನಾನು ಓದ್ಕೊಂಡಿದೀನಿ. ಒಳಗೆ ಏನಿದೆ ಅಂತ ನನಗೇನು ಗೊತ್ತು.”

ಇಷ್ಟು ದೊಡ್ಡ ಉಪಕಾರವನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳಿ ಅವನು ಮೇಜಿಗೆ ಹೋಗಿ ಕೂತ.

ತಕ್ಕಡಿಯಣ್ಣ ಬೆಂಚಿನ ಹಗ್ಗ ಬಿಚ್ಚಿ ಗೋದಾಮಿನ ನೆಲದ ಮೇಲಿಟ್ಟ. ಮನಸ್ಸಿನಲ್ಲಿ ಫೋನಿನ ಮಾತು ಆಗಲೇ ತಯಾರಾಗುತ್ತಿತ್ತು. ದಾರೀಲಿ ಕಾಲು ಮುರೀತು ಕ್ಯಾಪ್ಟನ್. ಇಲ್ಲ, ಮರ ಒಯ್ಯೋಕೆ ಬಿಡಲ್ವಂತೆ. ಅಲ್ಲೇ ಒಂದು ಮಾಡಿಸಿದರಾಯಿತು, ಮರ ಎಲ್ಲಿ ಸಿಗುವುದಿಲ್ಲ? ಬಟ್ಟು ಸಿಗುತ್ತದೆಯೇ? ಬಟ್ಟಿಲ್ಲದೆ ಆ ನಂಬರ್ ಹಾಕಿದ ಕುರ್ಚಿಯ ಮೇಲೆ, ಉದ್ಯೋಗ ಅನ್ವಯಿಸದ ಮನುಷ್ಯ, ಹತ್ತು ತಿಂಗಳು ಏನು ಮಾಡುತ್ತಾನೆ? ಅಕ್ಕ ಕೇಳಿದ್ದೂ ಅದನ್ನೇ ಅಲ್ಲವೇ. ಹಾಗೆ ಯೋಚಿಸುತ್ತ ಗೋದಾಮಿನ ಆ ತುದಿಯವರೆಗೆ ನಡೆದ, ವಾಪಸು ಬಂದ. ಮತ್ತೆ ನಡೆದ. ನಾಲ್ಕನೆಯ ಸಲ ಬಂದಾಗ ಬೆಂಚಿನ ಮೇಲೆ ಕೂತ.

ಹದಿನಾಲ್ಕು ತಿಂಗಳಲ್ಲಿ ಅದರ ಮೇಲೆ ಕೂತದ್ದು ಇದೇ ಮೊದಲು. ಇಷ್ಟು ದಿನ ಅದರ ಮೇಲೆ ಹಳೆಯ ಪೇಪರು, ರಟ್ಟಿನ ಡಬ್ಬ ಪೇರಿಸಿಟ್ಟಿದ್ದ. ಕೂತ ಮೇಲೆ ನೋಡಿಕೊಂಡರೆ ಕೂತದ್ದು ಎಡತುದಿಯಲ್ಲಿ. ಇಡೀ ಬೆಂಚು ಖಾಲಿಯಿತ್ತು, ಯಾರೂ ಬರುವವರಿರಲಿಲ್ಲ, ಆದರೂ ಅರ್ಧ ಜಾಗ ಬಿಟ್ಟು ತುದಿಗೆ ಅಂಟಿಕೊಂಡು ಕೂತಿದ್ದ. ಬಲತುದಿಯ ಕಾಲಿನ ಬಳಿ ಮರದ ಬಣ್ಣ ಹೋಗಿತ್ತು. ಬೂಟಿನ ಹಿಮ್ಮಡಿ ತಾಗಿ ತಾಗಿ.

ಅವನು ಎದ್ದ. ಹಲಗೆಯ ಹತ್ತಿರ ಹೋಗಿ 'ಅಡುಗೆ ಸಾಮಾನಿ'ನ ಪೆಟ್ಟಿಗೆಯಿಂದ ಬಟ್ಟನ್ನು ತೆಗೆದು ಕೆಳಗಿಟ್ಟ. ಬೆಂಚು ಹತ್ತಿಸಿದ. ಮುನ್ನೂರ ತೊಂಬತ್ತೈದೂವರೆ.

ಗುಮಾಸ್ತ ರಸೀದಿ ಬರೆಯುತ್ತಿದ್ದಾಗ ಬಟ್ಟನ್ನು ಎತ್ತಿ ತಂದು ಮೇಜಿನ ಪಕ್ಕ, ಗೋಡೆಗೆ ತಾಗಿಸಿ ಇಟ್ಟ.

“ತಿಂಗಳಿಗೊಂದ್ಸಲ ನಾಲ್ಕೂ ಮೂಲೇಲಿ ಇಟ್ಟು ನೋಡಿ” ಎಂದ. “ಸೊನ್ನೆ ತೋರಿಸ್ತು ಅಂತ ನಂಬಬೇಡಿ. ಸೊನ್ನೆ ಎಲ್ರೂ ಸರಿಯಾಗೇ ತೋರಿಸ್ತಾರೆ.”

“ನಿಮಗೆ?”

“ನನ್ನ ಹತ್ರ ಸ್ಕ್ರೂಡ್ರೈವರ್ ಇದೆ.”

ಸಂಜೆ ಕ್ಯಾಪ್ಟನ್ ಫೋನು ಬಂತು. ಮುಚ್ಚಿಡಬೇಕೆಂದಿದ್ದವನು ಎಲ್ಲವನ್ನೂ ಹೇಳಿದ. ಬಟ್ಟು, ಸುಳ್ಳು ಚೀಟಿ, ಕಲ್ಲು. ಕಡೆಗೆ, ಬಹಳ ಕಷ್ಟದಿಂದ, ತನ್ನ ಅಂಗಡಿಯ ಯಂತ್ರವೇ ಐದು ವರ್ಷದಿಂದ ಕೇಜಿಗೆ ನಲವತ್ತು ಗ್ರಾಂ ಕಮ್ಮಿ ತೋರಿಸುತ್ತಿದೆ ಎಂಬುದನ್ನೂ. ಆ ಕಡೆಯಿಂದ ಉಸಿರು ಬಿಗಿಹಿಡಿದ ಸದ್ದು. ಕ್ಯಾಪ್ಟನ್ನಿಗೆ ಬೇಜಾರಾಯಿತೇನೋ ಅಂದುಕೊಂಡ. ಅವಳು ನಗು ತಡೆದುಕೊಳ್ಳುತ್ತಿದ್ದಳು.

“ಗೊತ್ತಿತ್ತು ಬಿಡ್ರೀ” ಎಂದಳು.

“ಏನು ಗೊತ್ತಿತ್ತು?”

“ಆಸ್ಪತ್ರೆ ತಕ್ಕಡೀಲಿ ನಾನು ಅರವತ್ತು, ನಿಮ್ಮದ್ರಲ್ಲಿ ಐವತ್ತೇಳೂವರೆ. ಬರೀ ನನಗಲ್ಲ, ಬೀದೀಲಿ ಎಲ್ರಿಗೂ ಗೊತ್ತು. ಅತ್ತಿಗೆಗೂ. ಹೆಂಗಸ್ರಿಗೆ ಕಮ್ಮಿ ತೂಕ ತೋರಿಸೋ ತಕ್ಕಡಿ ಮೇಲೆ ದೂರು ಯಾರು ಕೊಡ್ತಾರೆ?”

ತಕ್ಕಡಿಯಣ್ಣ ಖಾಲಿ ಕೋಣೆಯ ಗೋಡೆಗೆ ಒರಗಿ ನಿಂತ. ಅಕ್ಕನ ಆ ಒಂದೇ ಒಂದು ಹೊಗಳಿಕೆಯೂ ಕೈಬಿಟ್ಟು ಹೋಯಿತು.

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ಸರಿ ಮಾಡಿಬಿಡ್ತಿದ್ರಿ.” ಆಮೇಲೆ ಕೇಳಿದಳು, “ಬಟ್ಟು ಬಿಟ್ಟು ಬಂದ್ರಾ?”

“ಬೆಂಚು ಹತ್ತಿಸಿದೆ.”

ಆ ಕಡೆ ಕಬ್ಬಿಣದ ಕುರ್ಚಿ ಎಳೆದು ಅವಳು ಕೂತ ಸದ್ದಾಯಿತು.

“ಇಲ್ಲಿ ಬಂದು ನೀವು ಏನ್ ಮಾಡ್ತೀರೋ ನನಗೂ ಗೊತ್ತಿಲ್ಲ” ಎಂದಳು. “ಕೂತ್ಕೊಂಡು ಯೋಚನೆ ಮಾಡೋಣ. ಕೂರೋಕೆ ಜಾಗ ಆಯ್ತಲ್ಲ.”

ಹೊರಡಲು ಉಳಿದದ್ದು ನಾಲ್ಕು ದಿನ. ಆ ನಾಲ್ಕು ದಿನವೂ ತಕ್ಕಡಿಯಣ್ಣ ಹಳೆಯ ಯಂತ್ರದ ಸುತ್ತ ಸುತ್ತಿದ. ಹೊಸ ಅಲಗು ತಂದು ಕಪಾಟಿನ ಮೇಲಿಟ್ಟ. ಎರಡು ಸಲ ಹಲಗೆ ಎತ್ತಿ ಒಳಗೆ ನೋಡಿದ, ಎರಡು ಸಲ ಮುಚ್ಚಿದ. ಅರ್ಧ ಗಂಟೆಯ ಕೆಲಸ. ತಪ್ಪು ಯಂತ್ರವನ್ನು ಹಾಗೇ ಬಿಟ್ಟು ಸಮುದ್ರ ದಾಟುವುದೆಂದರೆ ಒಲೆ ಆರಿಸದೆ ಬೀಗ ಹಾಕಿದ ಹಾಗೆ ಅನ್ನಿಸುತ್ತಿತ್ತು. ಆದರೆ ದಿನವೂ ಯಾರಾದರೊಬ್ಬರು ಹೆಂಗಸರು ಹೋಗಿಬನ್ನಿ ಎಂದು ಹೇಳಲು ಬರುವರು, ಹೇಗೂ ಬಂದಿದ್ದೇನೆ ಎಂದು ಚಪ್ಪಲಿ ಕಳಚಿ ಹಲಗೆ ಹತ್ತುವರು, ಮುಖ ಅರಳಿಸಿಕೊಂಡು ಇಳಿಯುವರು. ಅವನು ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದು ನಿಲ್ಲುವನು.

ಕಡೆಯ ದಿನ ಬಾಡಿಗೆ ಕಾರು ಬೀದಿಯ ತಿರುವಿಗೆ ಬಂದು ನಿಂತಾಗ ಅವನ ಸೂಟ್‌ಕೇಸು ಎರಡು ಗಂಟೆಯಿಂದ ಹೊಸ್ತಿಲ ಮೇಲಿತ್ತು. ಅಕ್ಕ ಅಂಗಡಿಯ ಕೀಲಿಕೈ ಇಸಿದುಕೊಳ್ಳಲು ಬಂದಳು. ಇಸಿದುಕೊಂಡಳು. ಹೋಗಲಿಲ್ಲ. ಅಂಗಡಿಯ ನಡುವೆ ನಿಂತು ಸುತ್ತ ನೋಡಿದಳು, ಕಪಾಟಿನ ಮೇಲಿನ ಹೊಸ ಅಲಗನ್ನೂ ನೋಡಿದಳು.

“ಯಂತ್ರಕ್ಕೆ ಏನಾದ್ರೂ ಮಾಡಿಟ್ಟಿದೀಯೇನೋ?”

“ಇಲ್ಲ.”

ಅಕ್ಕ ಚಪ್ಪಲಿ ಕಳಚಿದಳು. ಕೀಲಿಕೈಯನ್ನು ಕಿಟಕಿಯ ಮೇಲಿಟ್ಟಳು, ಅದರ ಭಾರವೇಕೆ ಎಂಬಂತೆ. ಹಲಗೆ ಹತ್ತಿ ಕಂಬ ಹಿಡಿದು, ಎದುರಿನ ಗೋಡೆ ನೋಡುತ್ತ ನಿಂತಳು. ಹೊರಗೆ ಕಾರಿನವನು ಒಮ್ಮೆ ಹಾರನ್ ಮಾಡಿದ. ತಕ್ಕಡಿಯಣ್ಣ ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದವನು ಒಳಗೆ ಬಂದು ಗುಂಡನ್ನು ಮೆಲ್ಲಗೆ ಜಾರಿಸಿದ. ಪಟ್ಟಿ ಏರಿತು, ಇಳಿಯಿತು, ಸಮವಾಗಿ ನಿಂತಿತು. ಐವತ್ತೊಂಬತ್ತು. ಅರವತ್ತೊಂದೂವರೆ ಎಂದು ಅವನ ತಲೆ ತಾನಾಗಿ ಲೆಕ್ಕ ಹಾಕಿ ಮುಗಿಸಿತ್ತು. ಅಕ್ಕ ಕೂಡ ಹಾಕಿರಬೇಕು. ಬಟನ್ ದಾರದ ಅಂಗಡಿ ಇಟ್ಟು ಬದುಕಿದವಳು, ಲೆಕ್ಕ ಬರದವಳಲ್ಲ. ಆದರೂ ಗೋಡೆಯಿಂದ ಕಣ್ಣು ತೆಗೆಯದೆ ಕಾಯುತ್ತಿದ್ದಳು.

“ಐವತ್ತೊಂಬತ್ತು ಅಕ್ಕ” ಎಂದ. “ಇಳಿದಿದೀಯ.”

“ನೀನು ಹೋಗ್ತೀಯಲ್ಲ, ಅದಕ್ಕೆ” ಎಂದಳು ಅಕ್ಕ, ಹಲಗೆಯಿಂದ ಇಳಿಯದೆ.

ಕಾರಿನವನು ಇನ್ನೊಮ್ಮೆ ಹಾರನ್ ಮಾಡಿದ. ತಕ್ಕಡಿಯಣ್ಣ ಕಂಬದ ಮೇಲೆ ಮಸುಕಾಗಿದ್ದ 'ತಾತ್ಕಾಲಿಕ'ದ ಮೇಲೆ ಸೀಮೆಸುಣ್ಣ ಆಡಿಸಿ ಅಕ್ಷರ ದಪ್ಪ ಮಾಡಿದ, ಸೂಟ್‌ಕೇಸು ಎತ್ತಿಕೊಂಡ, ಅದು ಇಪ್ಪತ್ತೆರಡೋ ಇಪ್ಪತ್ತಮೂರೋ ಎಂದು ಕೈಯಲ್ಲೇ ತೂಗಿ ನೋಡುತ್ತ ಓಡಿದ.